ಗುಳಿಗಿಗಿಂತ ಮೊದಲು ಒಂದು ಹನಿ ರಕ್ತ

ದೇವಾಪುರದಲ್ಲಿರೋ ನಮ್ಮ ಅಜ್ಜಿಗೆ ಚಳಿಗಾಲ ಬಂತಂದ್ರೆ ಕೆಮ್ಮು, ಕಫ, ದಮ್ಮು ಜೋರಾಗುತ್ತೆ. ಕಳೆದ ರಜೆಯಲ್ಲಿ ಆಂಟಿಬಯೋಟಿಕ್‌ನ ಖಾಲಿ ಸ್ಟ್ರಿಪ್ ಕೈಗೆ ಕೊಟ್ಟು, "ಇದೇ ಗುಳಿಗಿ ತಗೊಂಡ್ ಬಾರೋ" ಅಂದಳು. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಕೇಳಲಿಲ್ಲ, ನಾನೂ ತಂದುಕೊಟ್ಟೆ. ಒಂದೇ ವರ್ಷದಲ್ಲಿ ಅದು ಮೂರನೇ ಕೋರ್ಸ್ ಅಂತ ಆಮೇಲೆ ಗೊತ್ತಾಯ್ತು.

ಅಜ್ಜಿ ಬೀಡಿ ಸೇದಿದವಳಲ್ಲ. ತೊಗರಿ ಕಟ್ಟಿಗೆ, ಕುಳ್ಳು ಉರಿಸಿ ರೊಟ್ಟಿ ಬಡಿದವಳು. ಮೈಸೂರು ಜಿಲ್ಲೆಯ ಹಳ್ಳಿ ಹೆಣ್ಣುಮಕ್ಕಳ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಲೆಕ್ಕ ಇದೆ. ದಿನಕ್ಕೆ ಒಲೆ ಮುಂದೆ ಕಳೆಯೋ ಗಂಟೆಗಳನ್ನ ವರ್ಷಗಳಿಂದ ಗುಣಿಸಿ. ಉತ್ತರ 60 ಮುಟ್ಟಿದರೆ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಗಣನೀಯ. ಅಂದ್ರೆ ದಿನಕ್ಕೆ 3 ಗಂಟೆ, 20 ವರ್ಷ. ಅಜ್ಜಿಯದು 40 ವರ್ಷ ದಾಟಿದೆ.

ಇಂಥ ಶ್ವಾಸಕೋಶದ ಕಾಯಿಲೆ ಉಲ್ಬಣಿಸೋಕೆ ಬ್ಯಾಕ್ಟೀರಿಯಾ ಕಾರಣ ಇರಬಹುದು, ವೈರಸ್ ಇರಬಹುದು, ಬರೀ ಹೊಗೆಯೂ ಇರಬಹುದು. ಆಂಟಿಬಯೋಟಿಕ್ ಕೆಲಸ ಮಾಡೋದು ಬ್ಯಾಕ್ಟೀರಿಯಾ ಮೇಲೆ ಮಾತ್ರ. ಸುಮ್ಮನೆ ನುಂಗಿದರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗುತ್ತೆ. ನಾಳೆ ನಿಜವಾದ ನ್ಯುಮೋನಿಯಾ ಬಂದಾಗ ಅದೇ ಗುಳಿಗಿ ನಾಟಲ್ಲ.

ಇಲ್ಲಿ ಸಹಾಯಕ್ಕೆ ಬರೋದು ಸಿ-ರಿಯಾಕ್ಟಿವ್ ಪ್ರೋಟೀನ್, ಅಂದ್ರೆ ಸಿಆರ್‌ಪಿ. ಸೋಂಕು, ಉರಿಯೂತ ಆದಾಗ ಲಿವರ್ ಇದನ್ನ ರಕ್ತಕ್ಕೆ ಬಿಡುತ್ತೆ. ಬೆರಳ ತುದಿಯ ಒಂದು ಹನಿಯಲ್ಲೇ ಕೆಲವು ನಿಮಿಷದಲ್ಲಿ ಅಳೆಯಬಹುದು. ಇಂಗ್ಲೆಂಡ್, ವೇಲ್ಸ್‌ನ 86 ಕ್ಲಿನಿಕ್‌ಗಳಲ್ಲಿ 653 ಸಿಒಪಿಡಿ ರೋಗಿಗಳ ಮೇಲೆ ನಡೆದ ಪ್ರಯೋಗ 2019ರಲ್ಲಿ ಪ್ರಕಟವಾಯ್ತು. ಟೆಸ್ಟ್ ಇಲ್ಲದ ಗುಂಪಿನಲ್ಲಿ ಆಂಟಿಬಯೋಟಿಕ್ ತಗೊಂಡವರು ಶೇ 77, ಟೆಸ್ಟ್ ಇದ್ದ ಗುಂಪಿನಲ್ಲಿ ಶೇ 57. ಅದರಿಂದ ಯಾರ ಆರೋಗ್ಯವೂ ಹೆಚ್ಚು ಹದಗೆಟ್ಟಂತೆ ಕಾಣಲಿಲ್ಲ. ಅಲ್ಲಿ ಡಾಕ್ಟರ್‌ಗಳಿಗೆ ಕೊಟ್ಟ ಸೂತ್ರ ಸರಳ: ಲೀಟರ್‌ಗೆ 20 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಆಂಟಿಬಯೋಟಿಕ್‌ನಿಂದ ಲಾಭ ಅನುಮಾನ, 40 ದಾಟಿದರೆ ಲಾಭ ಆಗೋ ಸಾಧ್ಯತೆ ಇದೆ, ಮಧ್ಯದಲ್ಲಿದ್ದರೆ ಕಫದ ಬಣ್ಣ ನೋಡಿ.

ಇಫ್-ಎಲ್ಸ್ ಬರೆದು ಮುಗಿಸೋಣ ಅಂತ ನಮ್ಮಂಥವರಿಗೆ ಅನಿಸುತ್ತೆ. ಆದರೆ ಇಂಥ ರೋಗಿಗಳಲ್ಲಿ ಆರಾಮಾಗಿದ್ದಾಗಲೂ ಸಿಆರ್‌ಪಿ ಸ್ವಲ್ಪ ಏರಿರಬಹುದು. ವೈರಸ್‌ನಿಂದ ಏರುತ್ತೆ, ಟಿಬಿಯಿಂದಲೂ ಏರುತ್ತೆ. ಹಾಗಾಗಿ ಕಫ ಪರೀಕ್ಷೆ ಬೇಕಾದಲ್ಲಿ ಅದು ಬೇಕೇ. ಸಂಖ್ಯೆ ಕಡಿಮೆ ಬಂದರೂ ದಮ್ಮು ಹೆಚ್ಚಾದವರನ್ನ ಮನೆಗೆ ಕಳಿಸೋ ಹಾಗಿಲ್ಲ. ಡಾಕ್ಟರ್ ಬದಲು ಮೀಟರ್ ಅಲ್ಲ, ಡಾಕ್ಟರ್ ಕೈಗೆ ಮೀಟರ್ ಬೇಕು.

ಆ ಮೀಟರ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇರಬೇಕು ಅನ್ನೋದು ನನ್ನ ವಾದ. ಊರಲ್ಲಿ ಟೆಸ್ಟ್ ಸಿಗದಿದ್ದರೆ ಜನ ಹೋಗೋದು ಮೆಡಿಕಲ್ ಶಾಪ್‌ಗೇ. ಇದರ ಒಂದು ವಿಧಾನದಲ್ಲಿ ಸಣ್ಣ ಲೇಟೆಕ್ಸ್ ಕಣಗಳು ಸಿಆರ್‌ಪಿ ಜೊತೆ ಗಂಟುಕಟ್ಟುತ್ತವೆ, ಬೆಳಕು ಎಷ್ಟು ಚದುರಿತು ಅಂತ ಅಳೀತಾರೆ. ಎಲ್‌ಇಡಿ, ಫೋಟೋಡಯೋಡ್ ನಮಗೆ ಹೊಸದಲ್ಲ. ಇನ್ನೊಂದು ಅಟೆಂಡೆನ್ಸ್ ಆ್ಯಪ್ ಬದಲು ಇದನ್ನ ಅಗ್ಗವಾಗಿ ಮಾಡೋ ಪ್ರಾಜೆಕ್ಟ್ ಯಾಕಾಗಬಾರದು?

ಅಲ್ಲೀವರೆಗೆ ನನ್ನಿಂದ ಆಗೋದು ಒಂದೇ. ಮುಂದಿನ ಸಲ ಅಜ್ಜಿ ಖಾಲಿ ಸ್ಟ್ರಿಪ್ ಕೊಟ್ಟರೆ ಅದನ್ನ ಜೇಬಲ್ಲಿಟ್ಟುಕೊಂಡು, ಅಜ್ಜೀನ ಕರ್ಕೊಂಡು ಡಾಕ್ಟರ್ ಹತ್ರ ಹೋಗ್ತೀನಿ. ನಿಮ್ಮ ಮನೆಯ ಔಷಧಿ ಡಬ್ಬಿಯನ್ನೂ ಈ ರಜೆಯಲ್ಲಿ ಒಮ್ಮೆ ತೆಗೆದು ನೋಡಿ.