ದೂರಮುದ್ರಕದ ಜೀರ್ಣೋದ್ಧಾರ

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ನೆರೆಯಲ್ಲಿ ಬಾಳುವ ಜನಕ್ಕೆ 'ಜೀರ್ಣೋದ್ಧಾರ'ವೆಂಬ ಶಬ್ದ ಹೊಸತಲ್ಲ. ಊರಿಗೊಂದು ಗುಡಿ, ಗುಡಿಗೊಂದು ಜೀರ್ಣೋದ್ಧಾರ ಸಮಿತಿ ಎಂಬಷ್ಟು ಅದು ಬಳಕೆಯಲ್ಲಿದೆ. ಆದರೆ ಬಳಕೆ ಹೆಚ್ಚಿದಂತೆಲ್ಲ ಶಬ್ದದ ಅರ್ಥ ಸವೆಯುತ್ತ ಬಂದಿರುವುದನ್ನು ಗಮನಿಸಿದವರು ಕಡಿಮೆ. ಜೀರ್ಣವೆಂದರೆ ಕಾಲವಶದಿಂದ ಸವೆದುದು. ಉದ್ಧಾರವೆಂದರೆ ಬಿದ್ದುದನ್ನು ಮೇಲೆತ್ತುವುದು. ಹೊಸದನ್ನಾಗಿ ಮಾಡುವುದೆಂಬ ಅರ್ಥ ಈ ಎರಡು ಪದಗಳಲ್ಲಿ ಒಂದರಲ್ಲಿಯೂ ಇಲ್ಲ. ಹಾಗಿದ್ದರೂ ಚಾಲುಕ್ಯರ ಕಾಲದ ಕಂಬಕ್ಕೆ ಎಣ್ಣೆಬಣ್ಣ ಬಳಿದು, ನೆಲಕ್ಕೆ ನುಣುಪು ಕಲ್ಲು ಹಾಸಿ, ಅದನ್ನೇ ಜೀರ್ಣೋದ್ಧಾರವೆಂದು ಕರೆಯುವ ರೂಢಿ ಬಲಿತಿದೆ. ಗುಡಿಗಳ ವಿಷಯದಲ್ಲಿ ಪ್ರಾಚ್ಯವಸ್ತು ಇಲಾಖೆಯಾದರೂ ಅಡ್ಡ ನಿಲ್ಲುತ್ತದೆ. ಯಂತ್ರಗಳಿಗೆ ಆ ರಕ್ಷಣೆಯೂ ಇಲ್ಲ. ಅಂಥ ಅನಾಥ ಯಂತ್ರಗಳಲ್ಲಿ ಒಂದು ದೂರಮುದ್ರಕ. ಜನರ ಬಾಯಲ್ಲಿ ಟೆಲಿಪ್ರಿಂಟರ್.

ಬೆರಳಚ್ಚಿನ ಯಂತ್ರವನ್ನು ಹೋಲುವ ಈ ಉಪಕರಣ ಒಂದೂರಿನಲ್ಲಿ ಒತ್ತಿದ ಅಕ್ಷರವನ್ನು ತಂತಿಯ ಮೂಲಕ ಕಳುಹಿಸಿ ಇನ್ನೊಂದೂರಿನ ಕಾಗದದ ಮೇಲೆ ತಾನೇ ಅಚ್ಚು ಮಾಡುತ್ತಿತ್ತು. ೧೮೫೦ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿನವರೆಗೆ ಪ್ರಯೋಗಕ್ಕೆಂದು ಎಳೆದ ತಂತಿಯಿಂದ ಭಾರತದ ತಂತಿ ಸಮಾಚಾರದ ಚರಿತ್ರೆ ಮೊದಲಾಗುತ್ತದೆ. ಕಟ್ಟ್‌ಕಡ ಎಂಬ ಮೋರ್ಸ್ ಸಪ್ಪಳವನ್ನು ಕಿವಿಯಿಂದ ಕೇಳಿ ಕೈಯಿಂದ ಬರೆಯುವ ಕಾಲ ದೀರ್ಘವಾಗಿ ನಡೆದು, ಆಮೇಲೆ ದೂರಮುದ್ರಕಗಳು ಬಂದವು. ಅವನ್ನು ದೇಶದಲ್ಲಿಯೇ ತಯಾರಿಸುವುದಕ್ಕಾಗಿ ೧೯೬೦ರಲ್ಲಿ ಮದರಾಸಿನಲ್ಲಿ ಹಿಂದೂಸ್ಥಾನ್ ಟೆಲಿಪ್ರಿಂಟರ್ಸ್ ಎಂಬ ಸರಕಾರಿ ಕಾರ್ಖಾನೆ, ಇಟಲಿಯ ಓಲಿವೆಟ್ಟಿಯವರ ತಾಂತ್ರಿಕ ಸಹಾಯದೊಡನೆ, ಸ್ಥಾಪಿತವಾಯಿತು. ಗಣಕಯಂತ್ರ ಬಂದ ಮೇಲೆ ದೂರಮುದ್ರಕ ಮೂಲೆ ಸೇರಿತು. ೨೦೧೩ರ ಜುಲೈ ತಿಂಗಳಲ್ಲಿ ತಂತಿ ಸೇವೆಯೇ ನಿಂತುಹೋಯಿತು. 'ತಂತಿ ಬಂದಿದೆ' ಎಂಬ ಮಾತು ಕೇಳಿದೊಡನೆ, ಒಳಗೇನಿದೆಯೆಂದು ತಿಳಿಯುವ ಮೊದಲೇ ಹಳ್ಳಿಯ ಮನೆಯಲ್ಲಿ ಅಳು ಏಳುತ್ತಿದ್ದ ಕಾಲವೊಂದಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳಿಗೆ ವಿವರಿಸಿಯೇ ಹೇಳಬೇಕು.

ಹೀಗೆ ಮೂಲೆ ಸೇರಿದ ಯಂತ್ರಗಳಲ್ಲಿ ಬಹುಪಾಲು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಬಾಗಲಕೋಟೆಯಂಥ ಊರಿನ ಓದುಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಏರಿದಾಗ ಹಳೆಯ ಊರಿನ ಭಾಗಗಳು ಮುಳುಗಿ, ಜನ ನವನಗರಕ್ಕೆ ನೆಲೆ ಬದಲಿಸಿದರು. ಊರು ಎತ್ತುವ ಹೊತ್ತಿನಲ್ಲಿ ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗೆ ತಕ್ಕಡಿಯೇ ಉತ್ತರ ಹೇಳುತ್ತದೆ. ಕೂಡಲಸಂಗಮದಲ್ಲಿ ಐಕ್ಯಮಂಟಪದ ಸುತ್ತ ಎತ್ತರದ ಗೋಡೆ ಕಟ್ಟಿ ನೀರನ್ನು ಹೊರಗಿಟ್ಟರು. ಅದು ಪೂಜ್ಯಸ್ಥಾನವಾದುದರಿಂದ ಸಾಧ್ಯವಾಯಿತು. ಕಬ್ಬಿಣದ ಯಂತ್ರಕ್ಕೆ ಗೋಡೆ ಕಟ್ಟುವವರಾರು?

ಕನ್ನಡ ಶಾಲೆಗೆ ಈ ಯಂತ್ರದಿಂದ ಏನು, ಅದು ಇಂಗ್ಲಿಷಿನ ಗುಲಾಮನಲ್ಲವೇ ಎಂದು ಆಕ್ಷೇಪಿಸುವವರುಂಟು. ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಫ್ರಾನ್ಸಿನ ಬೋಡೋ ಎಂಬವರು ಕಲ್ಪಿಸಿ, ಮುಂದೆ ಮರ್‍ರೇ ಎಂಬವರು ತಿದ್ದಿದ ಐದು ಘಟಕಗಳ ಸಂಕೇತವೇ ಈ ಯಂತ್ರದ ಜೀವಾಳ. ಐದು ಸ್ಥಾನಗಳಲ್ಲಿ ಪ್ರತಿಯೊಂದರಲ್ಲಿಯೂ ವಿದ್ಯುತ್ತು 'ಉಂಟು' ಅಥವಾ 'ಇಲ್ಲ'. ಹೀಗೆ ಒಟ್ಟು ೩೨ ಬಗೆಗಳು. ರೋಮನ್ ಲಿಪಿಯ ೨೬ ಅಕ್ಷರಗಳು ಅದರಲ್ಲಿ ಹೇಗೋ ಅಡಗುತ್ತವೆ. ಅಂಕಿಗಳಿಗಾಗಿ ಒಂದು ಪಲ್ಲಟದ ಕೀಲಿ. ಸ್ವರ, ವ್ಯಂಜನ, ಗುಣಿತ, ಒತ್ತಕ್ಷರಗಳ ಸಂಸಾರವುಳ್ಳ ಕನ್ನಡಕ್ಕೆ ಮೂವತ್ತೆರಡು ಮನೆಗಳ ಆ ಓಣಿ ಸಾಲದು. ಸುದ್ದಿಸಂಸ್ಥೆಗಳು ಹಿಂದಿಗಾಗಿ ೧೯೮೨ರಲ್ಲಿ 'ಯೂನಿವಾರ್ತಾ', ೧೯೮೬ರಲ್ಲಿ 'ಭಾಷಾ' ಎಂಬ ಪ್ರತ್ಯೇಕ ಸೇವೆಗಳನ್ನು ತೆರೆದವು. ಕನ್ನಡ ಪತ್ರಿಕೆಗಳಿಗೆ ಮಾತ್ರ ಮುಖ್ಯ ಆಸರೆಯಾಗಿ ಉಳಿದುದು ಇಂಗ್ಲಿಷ್ ಸುದ್ದಿಯೇ.

ಆದರೆ ಆಕ್ಷೇಪ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದಲೇ ವಿಷಯ ಆರಂಭವಾಗುತ್ತದೆ. ಹುಬ್ಬಳ್ಳಿಯ 'ಸಂಯುಕ್ತ ಕರ್ನಾಟಕ'ವೇ ಇರಲಿ, ಬೆಂಗಳೂರಿನ 'ಪ್ರಜಾವಾಣಿ'ಯೇ ಇರಲಿ, ರಾತ್ರಿಯ ಪಾಳಿಯ ಉಪಸಂಪಾದಕನ ಮುಂದೆ ಬೀಳುತ್ತಿದ್ದುದು ಈ ಯಂತ್ರ ಉಗುಳಿದ ಇಂಗ್ಲಿಷ್ ಕಾಗದದ ಸುರುಳಿ. ಬೆಳಗಿನಲ್ಲಿ ಓದುಗನ ಕೈಗೆ ಬರುತ್ತಿದ್ದುದು ಕನ್ನಡ. ನಡುವೆ ಉಳಿಯುತ್ತಿದ್ದುದು ಕೆಲವೇ ಗಂಟೆಗಳು. ನಿಘಂಟು ತಿರುವುವ ವ್ಯವಧಾನವಿಲ್ಲದ ಆ ಹೊತ್ತಿನಲ್ಲಿ 'ತುರ್ತು ಪರಿಸ್ಥಿತಿ', 'ಶೃಂಗಸಭೆ', 'ಕ್ಷಿಪಣಿ', 'ಕದನವಿರಾಮ' ಮೊದಲಾದ ಮಾತುಗಳು ದಿನನಿತ್ಯ ಉಜ್ಜಿಸಿಕೊಂಡು ಹದವಾಗಿ, ಹುನಗುಂದದ ಚಹದಂಗಡಿಯ ಬೆಂಚಿನವರೆಗೆ ತಲುಪಿದವು. ಅವಸರದಲ್ಲಿ ಕರ್ಮಣಿಪ್ರಯೋಗವನ್ನು ಕನ್ನಡಕ್ಕೆ ಬಲವಂತದಿಂದ ತುರುಕಿದ ದೋಷವೂ ಅಲ್ಲಿಯದೇ. 'ಅವರಿಂದ ಉದ್ಘಾಟಿಸಲ್ಪಟ್ಟಿತು' ಎಂದು ಇಂದಿಗೂ ಬರೆಯುವವರು ಈ ಯಂತ್ರಕ್ಕೆ ತಿಳಿಯದೆಯೇ ಋಣಿಗಳು! ಹೊಸಗನ್ನಡ ಗದ್ಯದ ಚರಿತ್ರೆಯನ್ನು ಬೋಧಿಸುವಾಗ ಕಾದಂಬರಿ, ಪ್ರಬಂಧಗಳನ್ನಷ್ಟೇ ಹೆಸರಿಸಿ ಸುದ್ದಿಮನೆಯ ಈ ಗರಡಿಯನ್ನು ಮರೆತರೆ ಪಾಠ ಅರೆಯಾಗುತ್ತದೆ.

ಇಳಕಲ್ಲಿನವರಿಗಂತೂ ಈ ಯಂತ್ರ ಹತ್ತಿರದ ನೆಂಟ. ಜಕಾರ್ಡ್ ಮಗ್ಗದಲ್ಲಿ ತೂತು ಕೊರೆದ ರಟ್ಟಿನ ಪಟ್ಟಿ ಯಾವ ಎಳೆ ಏಳಬೇಕು, ಯಾವುದು ಕೆಳಗೇ ಇರಬೇಕು ಎಂದು ತಿಳಿಸುತ್ತದೆ. ೧೮೦೪ರ ಹೊತ್ತಿಗೆ ಫ್ರಾನ್ಸಿನಲ್ಲಿ ರೂಪುಗೊಂಡ ಆ ಯುಕ್ತಿಯೇ ದೂರಮುದ್ರಕದ ತೂತಿನ ಪಟ್ಟಿಯಲ್ಲಿಯೂ ಇದೆ: ತೂತಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸೀರೆಯ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೊಂಡಿ ಹಾಕಿ ಎಳೆಎಳೆಯಾಗಿ ಕೂಡಿಸುವ ನೇಕಾರರ ಮನೆಯ ಮಕ್ಕಳು ಈ ಯಂತ್ರದ ಒಳಗನ್ನು ನಗರದ ಮಕ್ಕಳಿಗಿಂತ ಬೇಗ ತಿಳಿದುಕೊಳ್ಳುವರೆಂಬುದರಲ್ಲಿ ಸಂಶಯವಿಲ್ಲ.

ಇನ್ನು ದುಃಸ್ಥಿತಿಯಲ್ಲಿರುವ ಯಂತ್ರವೊಂದು ದೊರೆತರೆ ಮಾಡಬೇಕಾದುದೇನು? ಮೊದಲು ಮಾಡಬಾರದುದನ್ನು ಹೇಳುವುದು ಲೇಸು. ತಂದ ದಿನವೇ ವಿದ್ಯುತ್ ಸಂಪರ್ಕ ಕೊಡಬಾರದು. ವರ್ಷಗಟ್ಟಲೆ ಮಲಗಿದ ಯಂತ್ರದ ಒಳತಂತಿಗಳ ಹೊದಿಕೆ ಒಣಗಿ ಉದುರಿರುತ್ತದೆ. ಮೋಟಾರಿನ ಕಿಡಿಯನ್ನು ತಡೆಯಲು ಇಟ್ಟ ಕಂಡೆನ್ಸರು ಕೆಟ್ಟಿರುತ್ತದೆ. ಹಚ್ಚಿದ ಗ್ರೀಸು ಅಂಟಿನಂತೆ ಗಟ್ಟಿಯಾಗಿ ಸಲಾಕೆಗಳನ್ನು ಹಿಡಿದುಕೊಂಡಿರುತ್ತದೆ. ಆಗ ವಿದ್ಯುತ್ತು ಹರಿದರೆ ಮೋಟಾರು ಸುಟ್ಟೀತು, ಇಲ್ಲವೆ ಸಣ್ಣ ಸನ್ನೆಯೊಂದು ಮುರಿದೀತು. ಮುರಿದುದಕ್ಕೆ ಬದಲಿ ಭಾಗ ಇಂದು ಯಾವ ಅಂಗಡಿಯಲ್ಲಿಯೂ ಸಿಗದು. ಆದುದರಿಂದ ಮೊದಲು ಮೋಟಾರಿನ ದಂಡವನ್ನು ಕೈಯಿಂದ ತಿರುಗಿಸಿ ನೋಡಬೇಕು. ಎಲ್ಲಿ ತಡೆಯುತ್ತದೆಯೋ ಅಲ್ಲಿ ಬಲ ಬಿಡದೆ, ಎಣ್ಣೆಯ ಹನಿ ಬಿಟ್ಟು ಕಾಯಬೇಕು.

ಬಿಚ್ಚುವ ಕ್ರಮವೂ ಒಂದು ಶಾಸ್ತ್ರವೇ. ಬಿಚ್ಚುವ ಮೊದಲು ಚಿತ್ರ ತೆಗೆಯಬೇಕು. ತೆಗೆದ ತಿರುಪುಗಳನ್ನು ಒಂದೇ ಡಬ್ಬಿಗೆ ಸುರಿಯದೆ, ಸ್ಥಾನ ಬರೆದ ಬೇರೆಬೇರೆ ಡಬ್ಬಿಗಳಲ್ಲಿ ಇಡಬೇಕು. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಎರಡು ಸ್ಪ್ರಿಂಗುಗಳ ಬಿಗಿ ಬೇರೆಬೇರೆಯಾಗಿರುವುದುಂಟು. ಅದಲುಬದಲಾದರೆ ಯಂತ್ರ ಅಕ್ಷರ ತಪ್ಪುತ್ತದೆ, ಕಾರಣ ಮಾತ್ರ ಸಿಗುವುದಿಲ್ಲ. ಸೀಮೆಎಣ್ಣೆಯಲ್ಲಿ ಮೃದುವಾದ ಕುಂಚ ಅದ್ದಿ ಹಳೆಯ ಜಿಡ್ಡನ್ನು ತೊಳೆಯಬಹುದು. ಆದರೆ ವಿದ್ಯುತ್ ಸುರುಳಿಗಳ ಮೇಲೆ ಅದು ಬೀಳಬಾರದು, ಸಮೀಪದಲ್ಲಿ ಬೆಂಕಿಯೂ ಇರಬಾರದು. ಕಾಗದ ಹೊರುವ ರಬ್ಬರಿನ ಉರುಳೆ ಬಹುಮಟ್ಟಿಗೆ ಕಲ್ಲಾಗಿರುತ್ತದೆ. ಮುದ್ರಣಯಂತ್ರದ ಉರುಳೆಗಳಿಗೆ ಹೊಸ ರಬ್ಬರು ಹೊದಿಸುವವರಲ್ಲಿ ಅಳತೆ ಕೊಟ್ಟು ಹೊದಿಸಿಕೊಳ್ಳಬಹುದು.

ಎಲ್ಲಕ್ಕಿಂತ ನಾಜೂಕಾದುದು ವೇಗದ ಹೊಂದಾಣಿಕೆ. ಸಾಮಾನ್ಯ ದೂರಮುದ್ರಕದಲ್ಲಿ ಒಂದೊಂದು ಘಟಕಕ್ಕೆ ಸೆಕೆಂಡಿನ ಐವತ್ತನೆಯ ಒಂದು ಪಾಲು ಕಾಲ. ಆರಂಭದ ಸೂಚನೆ ಒಂದು, ಅಕ್ಷರದ ಘಟಕ ಐದು, ವಿರಾಮದ ಸೂಚನೆ ಒಂದೂವರೆ; ಕೂಡಿದರೆ ಏಳೂವರೆ. ಅಂದರೆ ನಿಮಿಷಕ್ಕೆ ೪೦೦ ಅಕ್ಷರ. ಕಳುಹಿಸುವ ಯಂತ್ರವೂ ಬರೆಯುವ ಯಂತ್ರವೂ ಈ ಲಯದಲ್ಲಿ ಹೆಜ್ಜೆ ಕೂಡಿಸದಿದ್ದರೆ ಬರೆಹ ಕಲಸುಮೇಲೋಗರವಾಗುತ್ತದೆ. ಇದನ್ನು ಪರೀಕ್ಷಿಸಲು ಹಳೆಯ ಮೆಕ್ಯಾನಿಕರು ಒಂದು ಶ್ರುತಿಕವೆಯನ್ನು ಇಟ್ಟುಕೊಂಡಿರುತ್ತಿದ್ದರು. ಮಿಡಿದ ಕವೆಯ ತುದಿಯ ಸೀಳಿನಿಂದ, ತಿರುಗುವ ವೇಗನಿಯಂತ್ರಕದ ಪಟ್ಟೆಗಳನ್ನು ನೋಡಬೇಕು; ಪಟ್ಟೆಗಳು ನಿಂತಂತೆ ಕಂಡರೆ ವೇಗ ಸರಿ, ಮುಂದೆ ಹಿಂದೆ ತೆವಳಿದರೆ ತಪ್ಪು. ವೀಣೆಗೆ ಶ್ರುತಿ ಹಿಡಿಯುವ ಕೆಲಸಕ್ಕೂ ಇದಕ್ಕೂ ದೂರವೇನೂ ಇಲ್ಲ. ಆಮೇಲೆ 'ಆರ್' 'ವೈ' ಎಂಬ ಎರಡು ಅಕ್ಷರಗಳನ್ನು ಸಾಲಾಗಿ ಒತ್ತುತ್ತಾರೆ. ಒಂದರಲ್ಲಿ 'ಉಂಟು' ಇರುವಲ್ಲೆಲ್ಲ ಇನ್ನೊಂದರಲ್ಲಿ 'ಇಲ್ಲ' ಇರುವುದರಿಂದ ಐದು ಸ್ಥಾನಗಳೂ ಒಮ್ಮೆಗೆ ಪರೀಕ್ಷೆಗೊಳಗಾಗುತ್ತವೆ. ತಪ್ಪಿಲ್ಲದ ಒಂದು ಸಾಲು ಕಾಗದದ ಮೇಲೆ ಮೂಡಿತೆಂದರೆ ಯಂತ್ರಕ್ಕೆ ಪ್ರಾಣ ಬಂದಂತೆಯೇ.

ಈ ಕಾರ್ಯದಲ್ಲಿ ಅನುಸರಿಸಬೇಕಾದ ನೀತಿ ಗ್ರಂಥಸಂಪಾದನೆಯ ನೀತಿಯಿಂದ ಬೇರೆಯಲ್ಲ. ಓಲೆಗರಿಯಲ್ಲಿ ಹುಳು ತಿಂದ ಅಕ್ಷರವನ್ನು ಸಂಪಾದಕನು ತನ್ನ ಕಲ್ಪನೆಯಿಂದ ತುಂಬಿ ಮೂಲದ್ದೆಂದು ತೋರಿಸಿದರೆ ಅದು ವಿದ್ವತ್ತಲ್ಲ, ಕಳ್ಳತನ. ತ್ರುಟಿತವನ್ನು ತ್ರುಟಿತವೆಂದೇ ಗುರುತಿಸಿ, ಊಹೆಯನ್ನು ಕಂಸದಲ್ಲಿಡುವುದು ಸಂಪ್ರದಾಯ. ಯಂತ್ರದಲ್ಲಿಯೂ ಹೊಸದಾಗಿ ಕೂಡಿಸಿದ ಭಾಗಕ್ಕೆ ಗುರುತು ಹಾಕಿ, ತೆಗೆದ ಹಳೆಯ ಭಾಗವನ್ನು ಎಸೆಯದೆ ಪಕ್ಕದಲ್ಲಿಡಬೇಕು. ಡಾ. ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದವರು. ೧೯೨೫ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿದವರೂ ಅವರೇ. ಓಲೆಗೂ ಕಬ್ಬಿಣಕ್ಕೂ ವೈರವಿಲ್ಲವೆಂಬುದನ್ನು ಈ ಭಾಗದ ವಿದ್ಯಾಸಂಸ್ಥೆಗಳಿಗೆ ಬೇರೆ ನಿದರ್ಶನದಿಂದ ತೋರಿಸಬೇಕಾಗಿಲ್ಲ.

ದಾನಿಗಳ ಸದಭಿಮಾನವೇ ಒಮ್ಮೊಮ್ಮೆ ತೊಡಕಾಗುವುದುಂಟು. ಕೊಟ್ಟ ಹಣ ಕಣ್ಣಿಗೆ ಕಾಣಬೇಕೆಂಬ ಆಸೆ ಸಹಜ. ಅದರ ಫಲವಾಗಿ ಹಳೆಯ ಯಂತ್ರಕ್ಕೆ ಹೊಳೆಯುವ ಬಣ್ಣ, ಗಾಜಿನ ಪೆಟ್ಟಿಗೆ, ಅಮೃತಶಿಲೆಯ ನಾಮಫಲಕ. ಒಳಗೆ ಮೋಟಾರು ಮಾತ್ರ ಮೊದಲಿನಂತೆಯೇ ಸತ್ತಿರುತ್ತದೆ. ಐಹೊಳೆಯ ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದುದು ಅಲ್ಲಿ ವಾಸವಾಗಿದ್ದವನಿಂದ. ಚಾಲುಕ್ಯರ ಕಾಲದ್ದಲ್ಲವೆಂದು ಅದನ್ನು ಯಾರೂ ಅಳಿಸಲಿಲ್ಲ. ಹಾಗೆಯೇ ಯಾವನೋ ನೌಕರನ ಬೆರಳಿಗೆ ಸವೆದು ಅಕ್ಷರ ಮಾಸಿದ ಕೀಲಿಯೂ ಆ ಯಂತ್ರದ ಚರಿತ್ರೆಯೇ. ತುಕ್ಕು ಹಬ್ಬದಂತೆ ತಡೆದು, ಬಣ್ಣವನ್ನು ಇದ್ದಂತೆ ಬಿಡುವುದೇ ಮೇಲು. ಗಾಜಿನ ಪೆಟ್ಟಿಗೆಯ ಹಣದಲ್ಲಿ ಉರುಳೆಗೆ ರಬ್ಬರು, ಶಾಯಿಯ ರಿಬ್ಬನ್ನು, ಕಾಗದದ ಸುರುಳಿ ಬರುತ್ತವೆ. ತಂತಿಯ ಜಾಲವೇ ಇಲ್ಲವಾದರೂ ಸಣ್ಣದೊಂದು ಗಣಕ ಸಾಧನದಿಂದ ಐದು ಘಟಕಗಳ ಸಂಕೇತವನ್ನು ಕಳುಹಿಸಿ ಯಂತ್ರವನ್ನು ನುಡಿಸಲು ಸಾಧ್ಯವಿದೆ. ವಿಜ್ಞಾನದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಒಂದೇ ಮೇಜಿನ ಎರಡು ಬದಿಗೆ ಕೂಡಬಹುದಾದ ಪಾಠ ಇದು: ಒಂದು ತರಗತಿ ಸುದ್ದಿ ಕಳುಹಿಸಲಿ, ಇನ್ನೊಂದು ಅದನ್ನು ಗಂಟೆಯೊಳಗೆ ಒಳ್ಳೆಯ ಕನ್ನಡಕ್ಕೆ ತರಲಿ.

ಆದರೆ ಹಣಕ್ಕಿಂತ ಮೊದಲು ಬೇಕಾದುದು ಮನುಷ್ಯ. ಈ ಯಂತ್ರಗಳನ್ನು ಬಿಚ್ಚಿ ಕೂಡಿಸಿದ ತಂತಿ ಇಲಾಖೆಯ ಮೆಕ್ಯಾನಿಕರು ನಿವೃತ್ತರಾಗಿ ಬಹುಕಾಲವಾಯಿತು. ವಯಸ್ಸು ಅವರನ್ನು ಕಾಯುವುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿಯೇ, ಅವರ ತಂದೆ ಚಿಕ್ಕಪ್ಪಂದಿರಲ್ಲಿಯೇ, ಅಂಥವರು ಇರಬಹುದು. ಅವರನ್ನು ವಾರ್ಷಿಕೋತ್ಸವದ ವೇದಿಕೆಗೆ ಕರೆದು ಶಾಲು ಹೊದಿಸಿ ಕಳುಹಿಸುವುದರ ಬದಲು, ತಿಂಗಳಿಗೊಂದು ಮಧ್ಯಾಹ್ನ ಯಂತ್ರದ ಮುಂದೆ ಕೂಡಿಸಿ, ಇಬ್ಬರು ವಿದ್ಯಾರ್ಥಿಗಳ ಕೈಗೆ ನೋಟುಬುಕ್ಕು ಕೊಡಬೇಕು. ಒಂದೊಂದು ಬಿಡಿಭಾಗಕ್ಕೆ ಅವರು ಕೆಲಸದ ಮನೆಯಲ್ಲಿ ಏನೆಂದು ಹೇಳುತ್ತಿದ್ದರೋ ಆ ಹೆಸರುಗಳನ್ನು ಅವರ ಬಾಯಿಂದ ಬಂದಂತೆಯೇ, ತಿದ್ದದೆ ಬರೆದುಕೊಳ್ಳಬೇಕು. ನಿಘಂಟಿನಲ್ಲಿ ಅವು ಸಿಗುವುದಿಲ್ಲ.