ಜೋಮು ಹಿಡಿದದ್ದು ಯಾವ ಬೆರಳು?

“ರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗುತ್ತೆ ಡಾಕ್ಟ್ರೇ. ಎದ್ದು ಕೊಡವಿದರೆ ಸರಿಹೋಗುತ್ತೆ. ವಾಯು ಇರಬೇಕು ಅಂತಾರೆ ನಮ್ಮತ್ತೆ.”

ಹೀಗೆನ್ನುವವರಿಗೆ ನನ್ನ ಮೊದಲ ಪ್ರಶ್ನೆ: ಯಾವ ಬೆರಳು? “ಇಡೀ ಕೈ” ಎಂಬುದೇ ಸಾಮಾನ್ಯ ಉತ್ತರ. ಮುಂದಿನ ಸಲ ಒಂದೊಂದೇ ಬೆರಳನ್ನು ಮುಟ್ಟಿ ನೋಡಿಕೊಳ್ಳಿ. ತೊಂದರೆ ಯಾವ ನರದ್ದೆಂದು ಬೆರಳೇ ಹೇಳುತ್ತದೆ.

ಕುತ್ತಿಗೆಯಿಂದ ಹೊರಟ ನರಗಳು ಕಂಕುಳ ಬಳಿ ಹೆಣೆದುಕೊಂಡು, ಮೀಡಿಯನ್, ಅಲ್ನಾರ್, ರೇಡಿಯಲ್ ಎಂಬ ಮೂರು ಮುಖ್ಯ ನರಗಳಾಗಿ ಕೈಗಿಳಿಯುತ್ತವೆ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಂತೆ ಇವು ಅಂಗೈಯನ್ನು ಹಂಚಿಕೊಂಡಿವೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರದ ಬೆರಳಿನ ಅರ್ಧ ಮೀಡಿಯನ್ ಪಾಲು. ಉಳಿದರ್ಧ ಹಾಗೂ ಕಿರುಬೆರಳು ಅಲ್ನಾರ್ ಪಾಲು. ಹೌದು, ಒಂದೇ ಬೆರಳಿನ ನಡುವೆ ಬದು! ರೇಡಿಯಲ್‌ಗೆ ಸಿಕ್ಕಿದ್ದು ಹೆಬ್ಬೆರಳ ಕಡೆಯ ಹಿಂಬದಿ. ಮಣಿಕಟ್ಟನ್ನು ಮೇಲೆತ್ತಿಸುವ ಕೆಲಸವೂ ಅದರದೇ.

ಮೀಡಿಯನ್ ನರ ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ, ಬೆರಳು ಮಡಿಸುವ 9 ಸ್ನಾಯುರಜ್ಜುಗಳ ಜೊತೆ ತೂರಿ ಬರಬೇಕು. ಅಲ್ಲಿ ಬಾವು ಬಂದರೆ ನಲುಗುವುದು ನರವೇ. ಗರ್ಭಿಣಿಯರಲ್ಲಿ, ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ಕೊರತೆ ಇರುವವರಲ್ಲಿ ಇದು ಹೆಚ್ಚು. ಮಣಿಕಟ್ಟು ಮಡಚಿ ಮಲಗಿದರೆ ಒತ್ತಡ ಏರುತ್ತದೆ. ಮಣಿಕಟ್ಟನ್ನು ನೇರವಾಗಿಡುವ ಪಟ್ಟಿ ಕಟ್ಟಿ ಮಲಗಿದರೆ ಹಲವರಿಗೆ ಗುಣ ಕಾಣುತ್ತದೆ. ಹೆಬ್ಬೆರಳ ಬುಡದ ಮಾಂಸ ಸೊರಗುತ್ತಿದ್ದರೆ ಮಾತ್ರ ಕಾಯಬೇಡಿ.

ಕಿರುಬೆರಳಿನ ಜೋಮಿನ ಮೂಲ ಹೆಚ್ಚಾಗಿ ಮೊಣಕೈಯಲ್ಲಿ. ಮೊಣಕೈ ಬಾಗಿಲಿಗೆ ತಾಗಿದಾಗ ‘ಕರೆಂಟ್ ಹೊಡೆದಂತೆ’ ಆಗುತ್ತದಲ್ಲ, ಅದೇ ಅಲ್ನಾರ್ ನರ. ಒಳಬದಿಯ ಮೂಳೆಯ ಹಿಂದೆ, ಚರ್ಮದ ಕೆಳಗೇ ಹಾದುಹೋಗುತ್ತದೆ. ಮೊಣಕೈ ಊರಿ ಕೂರುವ ಅಭ್ಯಾಸವೂ ಇದನ್ನು ಒತ್ತುತ್ತದೆ.

ಇನ್ನೊಂದು ಮಾತು. ಕುಷ್ಠರೋಗ ಬಹಳ ಸಲ ಹಿಡಿಯುವುದು ಈ ನರವನ್ನೇ. ನರ ಹಗ್ಗದಂತೆ ದಪ್ಪಗಾಗುತ್ತದೆ. ಮೈಮೇಲೆ ಸ್ಪರ್ಶ ತಿಳಿಯದ ಮಸುಕು ಮಚ್ಚೆಯೂ ಇದ್ದರೆ ನಾಚಿಕೆ ಪಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ. 6ರಿಂದ 12 ತಿಂಗಳಲ್ಲಿ ರೋಗ ವಾಸಿಯಾಗುತ್ತದೆ. ಆದರೆ ತಡಮಾಡಿದರೆ ಮಡಚಿದ ಬೆರಳು ನೆಟ್ಟಗಾಗದೆ ಉಳಿಯಬಹುದು.

ನೋವಾದರೆ ಆಸ್ಪತ್ರೆಗೆ ಓಡುತ್ತೇವೆ, ನೋವಿಲ್ಲದಿದ್ದರೆ ಸುಮ್ಮನಿರುತ್ತೇವೆ. ನರದ ವಿಷಯದಲ್ಲಿ ಈ ಲೆಕ್ಕ ತಲೆಕೆಳಗು. ಬಿಸಿ ಪಾತ್ರೆ ಮುಟ್ಟಿಯೂ ಬೆರಳಿಗೆ ಸುಟ್ಟದ್ದು ತಿಳಿಯದಿದ್ದರೆ, ಅಂದೇ ವೈದ್ಯರನ್ನು ಕಾಣಿ.