ಅಂಟಿಸುವುದು ಸುಲಭ, ಕಳಚುವುದು?

ಅಮೆರಿಕ ಮತ್ತು ಬ್ರಿಟನ್ನಿನ ಅನೇಕ ಮನೆಗಳಲ್ಲಿ ಹವ್ಯಾಸಿಗಳು ಹಲಗೆ ಕೊಯ್ದು, ಆಳೆತ್ತರದ ವೀಡಿಯೊ ಆಟದ ಪೆಟ್ಟಿಗೆಗಳನ್ನು ತಾವೇ ಕಟ್ಟಿಕೊಳ್ಳುತ್ತಾರೆ. 1970-80ರ ದಶಕಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ 'ಆರ್ಕೇಡ್' ಯಂತ್ರಗಳ ಪ್ರತಿರೂಪಗಳಿವು. ಹಳೆಯ ಆಟಗಳನ್ನು ಸಾಧಾರಣ ಕಂಪ್ಯೂಟರಿನಲ್ಲಿ ನಡೆಸಬಲ್ಲ 'ಮೇಮ್' ಎಂಬ ತಂತ್ರಾಂಶವನ್ನು ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಹೊರತಂದ ಮೇಲೆ ಈ ಹವ್ಯಾಸ ಹಬ್ಬಿತು. ಮೂಲೆ ಸೇರಿದ ಕಂಪ್ಯೂಟರು, ಎಸೆಯಬೇಕಿದ್ದ ಪರದೆ ಇಲ್ಲಿ ಮರುಹುಟ್ಟು ಪಡೆಯುತ್ತವೆ. ಇದು ಮೆಚ್ಚತಕ್ಕ ಕೆಲಸವೇ.

ತೊಡಕು ಇರುವುದು ಕೊನೆಯ ಹಂತದಲ್ಲಿ. ಪೆಟ್ಟಿಗೆಗೆ ಮೆರುಗು ಕೊಡಲು ಬಹಳಷ್ಟು ಮಂದಿ ಹಿಂಬದಿಯಲ್ಲಿ ಅಂಟಿರುವ ವಿನೈಲ್ ಹಾಳೆಯನ್ನು ಹೊದಿಸುತ್ತಾರೆ. ಹಲಗೆಯ ತೂತುಗಳನ್ನು ಮುಚ್ಚಿ, ಉಪ್ಪುಕಾಗದದಿಂದ ತಿಕ್ಕಿ, ಸೋಪಿನ ನೀರು ಚಿಮುಕಿಸಿ ಹಾಳೆಯನ್ನು ಹರಡುವುದು; ಗುಳ್ಳೆಗಳನ್ನು ಅಂಚಿಗೆ ಒತ್ತಿ ಹೊರಹಾಕುವುದು; ಮೂಲೆಗಳಲ್ಲಿ ಬಿಸಿಗಾಳಿ ಹಾಯಿಸಿ ಬಗ್ಗಿಸುವುದು. ಬಣ್ಣ ಬಳಿದು ದಿನಗಟ್ಟಲೆ ಒಣಗಿಸುವ ಶ್ರಮ ಉಳಿಯುತ್ತದೆ. ಆದರೆ ಹೀಗೆ ಉಳಿದ ಶ್ರಮದ ಬೆಲೆಯನ್ನು ತೆರುವವರು ಯಾರು?

ವಿನೈಲ್ ಎಂದರೆ ಪಿವಿಸಿ. ಮೃದುಕಾರಕ ರಾಸಾಯನಿಕಗಳಿಂದ ಮೆತ್ತಗಾದ ಪ್ಲಾಸ್ಟಿಕ್. ಶುದ್ಧ ಪಿವಿಸಿಯ ತೂಕದಲ್ಲಿ ಸುಮಾರು ಶೇ. 57 ಭಾಗ ಕ್ಲೋರೀನ್. ಅದರ ಮೂಲವಸ್ತುವಾದ ವಿನೈಲ್ ಕ್ಲೋರೈಡ್ ಕ್ಯಾನ್ಸರ್ ತರುವ ಅನಿಲ. ಅಮೆರಿಕದ ಲೂಯಿವಿಲ್ ನಗರದ ಪಿವಿಸಿ ಕಾರ್ಖಾನೆಯೊಂದರ ಕಾರ್ಮಿಕರು ಅಪರೂಪದ ಯಕೃತ್ತಿನ ಕ್ಯಾನ್ಸರಿಗೆ ಬಲಿಯಾದ ಸಂಗತಿ 1974ರಲ್ಲಿ ಬಯಲಾಯಿತು. 2023ರ ಫೆಬ್ರವರಿಯಲ್ಲಿ ಒಹಾಯೋ ರಾಜ್ಯದ ಈಸ್ಟ್ ಪ್ಯಾಲೆಸ್ಟೈನ್ ಎಂಬ ಸಣ್ಣ ಊರಿನಲ್ಲಿ ಗೂಡ್ಸ್ ರೈಲು ಹಳಿ ತಪ್ಪಿದಾಗ, ಸ್ಫೋಟದ ಭಯದಿಂದ ಐದು ಟ್ಯಾಂಕರ್ ಬೋಗಿಗಳ ವಿನೈಲ್ ಕ್ಲೋರೈಡನ್ನು ಹೊರಬಿಟ್ಟು ಸುಡಲಾಯಿತು. ಜನ ಮನೆಮಠ ಬಿಟ್ಟು ಓಡಬೇಕಾಯಿತು. ಹಾಗೆ ಸುಡುವ ಅಗತ್ಯವೇ ಇರಲಿಲ್ಲವೆಂದು ತನಿಖಾ ಮಂಡಳಿ 2024ರಲ್ಲಿ ಹೇಳಿತು. ಸಿದ್ಧ ಹಾಳೆಯನ್ನು ಅಂಟಿಸುವವನಿಗೆ ಇವಾವುವೂ ಕಾಣುವುದಿಲ್ಲ.

ಹಾಳೆಯ ಅಂತ್ಯವೂ ಸುಗಮವಲ್ಲ. ಸಿಲಿಕೋನ್ ಲೇಪಿಸಿದ ಹಿಂಗಾಗದ ಅಂಟಿಸಿದ ದಿನವೇ ಕಸವಾಗುತ್ತದೆ. ಅಂಟು ಹಿಡಿದ ಹಲಗೆಯನ್ನು ಮರವೆಂದು ಮರುಬಳಸಲೂ ಆಗದು, ಪ್ಲಾಸ್ಟಿಕ್ ಎಂದು ಕರಗಿಸಲೂ ಆಗದು. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆಯ ಜೊತೆಗೆ ಡಯಾಕ್ಸಿನ್ ಹುಟ್ಟುತ್ತದೆ. ಡಯಾಕ್ಸಿನ್‌ನಂಥ ದೀರ್ಘಾಯು ವಿಷಗಳನ್ನು ತಗ್ಗಿಸಲೆಂದೇ 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವಾಯಿತು. ಭಾರತ ಅದನ್ನು 2006ರಲ್ಲಿ ಅನುಮೋದಿಸಿತು.

ಮಲೆನಾಡಿಗೆ ಆರ್ಕೇಡ್ ಪೆಟ್ಟಿಗೆ ಅಪರಿಚಿತವಿರಬಹುದು, ಈ ಹಾಳೆ ಅಪರಿಚಿತವಲ್ಲ. ಕಪಾಟು, ಬಾಗಿಲು, ಜೀಪು, ಅಂಗಡಿಯ ಫಲಕ ಎಲ್ಲದರ ಮೇಲೂ ಅದೇ ಸ್ಟಿಕ್ಕರ್. ಜಾತ್ರೆಯ ಫ್ಲೆಕ್ಸ್ ಕೂಡ ಪಿವಿಸಿಯದೇ. ಕರ್ನಾಟಕ 2016ರಲ್ಲಿ ಫ್ಲೆಕ್ಸನ್ನು ನಿಷೇಧಿಸಿತು. 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳನ್ನು ಕೇಂದ್ರ ಸರ್ಕಾರ 2022ರ ಜುಲೈನಿಂದ ನಿಷೇಧಿಸಿತು. ಮನೆಯ ಕಪಾಟಿನ ವಿಷಯದಲ್ಲಿ ಮನೆಯವರೇ ನಿರ್ಧರಿಸಬೇಕು. ಕಸದ ಗಾಡಿ ಬಾರದ ಹಳ್ಳಿಯಲ್ಲಿ ಮುರಿದ ಹಲಗೆ ಸೇರುವುದು ಬಚ್ಚಲೊಲೆಗೆ. ಅದರ ಹೊಗೆ ಮನೆಯ ಹೆಂಗಸರು ಮಕ್ಕಳ ಉಸಿರಿಗೆ, ಬೂದಿ ಗೊಬ್ಬರಗುಂಡಿಗೆ, ಅಲ್ಲಿಂದ ತೋಟಕ್ಕೆ.

ಬೇರೆ ದಾರಿ ಇಲ್ಲವೇ? ಇದೆ, ಮತ್ತು ಅದು ಹಳೆಯದು. 1980ರಲ್ಲಿ ಮಿಡ್‌ವೇ ಕಂಪನಿ ಅಮೆರಿಕದಲ್ಲಿ ಹೊರತಂದ 'ಪ್ಯಾಕ್-ಮ್ಯಾನ್' ಪೆಟ್ಟಿಗೆಯ ಪಕ್ಕದ ಚಿತ್ರಗಳನ್ನು ಕೊರೆದ ಅಚ್ಚುಗಳನ್ನಿಟ್ಟು ಬಣ್ಣದಿಂದಲೇ ಮೂಡಿಸಲಾಗಿತ್ತು. ಅವನ್ನು ದುರಸ್ತಿ ಮಾಡುವವರು ಇಂದಿಗೂ ಹಾಗೆಯೇ ಅಚ್ಚು ಕೊರೆದು ಬಣ್ಣ ಬಳಿಯುತ್ತಾರೆ. ಬಣ್ಣವೂ ನಿರ್ದೋಷಿಯಲ್ಲ, ರಾಳದ ಅಂಟಿನಿಂದ ಮಾಡಿದ ಎಂಡಿಎಫ್ ಹಲಗೆಯಂತೂ ಅಲ್ಲವೇ ಅಲ್ಲ, ಅದನ್ನು ಸುಡಲೂ ಬಾರದು. ಆದರೂ ನೀರಿನಲ್ಲಿ ಕಲೆಸುವ ಬಣ್ಣ ಮಾಸಿದರೆ ಅದರ ಮೇಲೆಯೇ ಮತ್ತೊಮ್ಮೆ ಬಳಿಯಬಹುದು. ಗಟ್ಟಿ ಮರಕ್ಕೆ ಎಣ್ಣೆಯೋ ಅರಗಿನ ಮೆರುಗೋ ಸಾಕು. ಚಿತ್ರದ ಹಾಳೆ ಬೇಕೇಬೇಕೆಂದರೆ ಕಾಗದದಲ್ಲಿ ಮುದ್ರಿಸಿ, ಗಾಜಿನ ಹಿಂದಿಟ್ಟು ಸ್ಕ್ರೂ ಬಿಗಿಯಬಹುದು. ಬೇಡವೆನಿಸಿದ ದಿನ ಎಲ್ಲವೂ ಬೇರೆ ಬೇರೆಯಾಗಿ ಕಳಚಿ ಬರುತ್ತದೆ.

ಕೈಕೆಲಸ ಕಲಿಯುವ ವಿದ್ಯಾರ್ಥಿಗಳು ಪ್ರತಿ ವಸ್ತುವನ್ನು ಜೋಡಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು: ಇದು ಹಳತಾದಾಗ ಕಳಚುವವರು ಯಾರು, ಕಳಚಿದ್ದು ಹೋಗುವುದೆಲ್ಲಿಗೆ? ಉತ್ತರ ಬಚ್ಚಲೊಲೆ ಎಂದಾದರೆ, ಆ ಹಾಳೆಯನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಲೇಸು.